ಹಳೇ ಆಕ್ಟೇವಿಯಾ ಆರ್‌ಎಸ್: ದೊಡ್ಡ ಇಂಟರ್‌ಕೂಲರ್ ಹಾಕಿಸಬೇಕಾ? ಬೂಸ್ಟ್ ಪೈಪ್ ಬಗ್ಗೆ ಸಲಹೆ ಬೇಕು

ಕಟಪಾಡಿ ಟರ್ಬೊ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಉಂಟು. 1.8 ಲೀಟರಿನ 20 ವಾಲ್ವ್ ಟರ್ಬೊ ಪೆಟ್ರೋಲ್, ಕಂಪನಿಯಿಂದ ಬಂದ ಹಾಗೇ 150 ಪಿಎಸ್. ಮೊದಲು ಮಾವನ ಗಾಡಿ, ಈಗ ಆರು ವರ್ಷದಿಂದ ನನ್ನದು. ಮಾರುವ ಯೋಚನೆ ಇಲ್ಲ. ಮಗಳು ದೊಡ್ಡವಳಾಗಿ ಇದನ್ನು ಓಡಿಸಬೇಕು ಅನ್ನುವ ಆಸೆ.

ವಿಷಯ ಏನೆಂದರೆ, ಬೆಳಿಗ್ಗೆ ಆರು ಗಂಟೆಗೆ ಮನೆಯಿಂದ ಹೊರಟು ಹೈವೇಯಲ್ಲಿ ಕುಂದಾಪುರದ ಕಡೆ ಹೋದರೆ ಗಾಡಿ ತುಂಬಾ ಚೆನ್ನಾಗಿ ಎಳೆಯುತ್ತದೆ. ಅದೇ ಗಾಡಿ ಏಪ್ರಿಲ್ ತಿಂಗಳ ಮಧ್ಯಾಹ್ನ, ನಾಲ್ಕು ಜನ ಕೂತು, ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಐದಾರು ತಿರುವು ಆಗುವಷ್ಟರಲ್ಲಿ ಸೋತು ಬಿಡುತ್ತದೆ. ಕಾಲು ಪೂರ್ತಿ ಒತ್ತಿದರೂ ಎರಡನೇ ಗೇರಿನಲ್ಲಿ ಎಳೆತ ಇಲ್ಲ, ಯಾರೋ ಹಿಂದಿನಿಂದ ಹಿಡಿದ ಹಾಗೆ. ಮೇಲೆ ಹೋಗಿ ಹದಿನೈದು ನಿಮಿಷ ನಿಲ್ಲಿಸಿ ಚಹಾ ಕುಡಿದು ಬಂದರೆ ಮತ್ತೆ ಸರಿ.

ಒಬ್ಬರು ಮೆಕ್ಯಾನಿಕ್ ನೋಡಿ, ಕಂಪನಿಯ ಇಂಟರ್‌ಕೂಲರ್ (ಟರ್ಬೊ ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವ ಭಾಗ) ತೀರಾ ಚಿಕ್ಕದು, ಅದನ್ನು ತೆಗೆದು ರೇಡಿಯೇಟರ್ ಮುಂದೆ ದೊಡ್ಡದು ಕೂರಿಸಿ ಎರಡೂವರೆ ಇಂಚಿನ ಪೈಪ್ ಎಳೆಯುವ ಅಂದರು. ಮುಂದೆ ಸಣ್ಣದೊಂದು ರೀಮ್ಯಾಪ್ (ಎಂಜಿನಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಾಯಿಸಿ ಶಕ್ತಿ ಏರಿಸುವುದು) ಮಾಡಿಸುವ ಮನಸ್ಸೂ ಉಂಟು, ಹಾಗಾಗಿ ನನಗೂ ಸರಿ ಅನಿಸಿತು. ಆದರೆ ಬಂಪರ್ ಒಳಗೆ ಕತ್ತರಿಸಬೇಕಂತೆ. ನಮ್ಮದು ಕಡಲ ಬದಿ, ಯಾವ ಪೈಪ್ ಹಾಕಿದರೆ ತುಕ್ಕು ಹಿಡಿಯುವುದಿಲ್ಲ? ಪೈಪ್ ಉದ್ದ ಆದರೆ ಟರ್ಬೊ ತಡವಾಗಿ ಏಳುತ್ತದೆ ಅನ್ನುತ್ತಾರೆ, ಹೌದಾ? ಇದೇ ಗಾಡಿ ಇರುವವರು ಯಾರಾದರೂ ಹೇಳಿ.

ಇನ್ನೊಂದು, ಸ್ಕ್ಯಾನರ್ ಹಾಕಿದಾಗ ಆಗಾಗ 17705 ಅಂತ ಒಂದು ಕೋಡ್ ಬರುತ್ತದೆ. ಅಳಿಸಿದರೆ ಹೋಗುತ್ತದೆ.

ಸುರತ್ಕಲ್ 20ವಿ:

ಮಾರಾಯ್ರೆ, ಕೊನೆಯ ಸಾಲಿನಲ್ಲಿ ಬರೆದಿರಲ್ಲ, ಅದೇ ಮುಖ್ಯ ವಿಷಯ. 17705 ಅಂದರೆ ಟರ್ಬೊಗೂ ಥ್ರಾಟಲ್‌ಗೂ (ಎಂಜಿನಿಗೆ ಗಾಳಿ ಬಿಡುವ ಬಾಗಿಲು) ನಡುವೆ ಎಲ್ಲೋ ಒತ್ತಡ ಇಳಿಯುತ್ತಿದೆ ಅಂತ. ಅಂದರೆ ಗಾಳಿ ಸೋರುತ್ತಿದೆ. ಮೊದಲು ಅದನ್ನು ಹಿಡಿಯಿರಿ, ಆಮೇಲೆ ಇಂಟರ್‌ಕೂಲರ್ ಮಾತು.

ಸೋರಿದರೆ ಬರೀ ಬೂಸ್ಟ್, ಅಂದರೆ ಟರ್ಬೊ ಕೊಡುವ ಹೆಚ್ಚಿನ ಒತ್ತಡ, ಹೋಗುವುದಲ್ಲ. ಎಂಜಿನಿಗೆ ಬೇಕಾದ ಒತ್ತಡ ಸಿಗಲಿ ಅಂತ ಇಸಿಯು (ಎಂಜಿನಿನ ಕಂಪ್ಯೂಟರ್) ಟರ್ಬೊವನ್ನು ಇನ್ನೂ ಜೋರಾಗಿ ತಿರುಗಿಸುತ್ತದೆ. ಜೋರಾಗಿ ತಿರುಗಿದಷ್ಟೂ ಗಾಳಿ ಜಾಸ್ತಿ ಬಿಸಿ. ಆ ಬಿಸಿಯನ್ನೂ ಇಂಟರ್‌ಕೂಲರೇ ತಣಿಸಬೇಕು. ನೋಡಿದವರು ಇಂಟರ್‌ಕೂಲರ್ ಸಾಲುವುದಿಲ್ಲ ಅನ್ನುತ್ತಾರೆ, ತಪ್ಪು ಇರುವುದು ಹೋಸಿನಲ್ಲಿ.

ನನ್ನದೂ ಇದೇ ಗಾಡಿ, 2004ರದ್ದು. ನನ್ನದರಲ್ಲಿ ಟರ್ಬೊದಿಂದ ಹೊರಡುವ ಕೆಳಗಿನ ರಬ್ಬರ್ ಹೋಸ್ ಹೋಗಿತ್ತು. ಮೇಲಿನಿಂದ ಟಾರ್ಚ್ ಬಿಟ್ಟು ನೋಡಿದರೆ ಹೊಸದರ ಹಾಗೆ ಕಪ್ಪಗೆ, ನುಣ್ಣಗೆ. ಬಿಚ್ಚಿ ಕೈಯಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿದೆ ನೋಡಿ, ಕ್ಲ್ಯಾಂಪಿನ ಅಂಚಿನಲ್ಲಿ ಎರಡು ಬೆರಳು ಉದ್ದಕ್ಕೆ ಬಾಯಿ ಬಿಟ್ಟಿತು. ಒಳಗಿನ ನೂಲು ಎಣ್ಣೆ ಕುಡಿದು ಮೆತ್ತಗಾಗಿತ್ತು. ಗಾಡಿ ನಿಂತಿರುವಾಗ ಮುಚ್ಚಿಕೊಂಡಿರುತ್ತದೆ, ಬೂಸ್ಟ್ ಬಂದಾಗ ಮಾತ್ರ ತೆರೆಯುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ.

ಹಾಗಾಗಿ ಗಾಳಿ ತುಂಬಿ ಪರೀಕ್ಷೆ ಮಾಡಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ನಿಮ್ಮ ಇನ್‌ಟೇಕ್ ಹೋಸಿನ ಬಾಯಿಗೆ ಸರಿಹೊಂದುವ ಪಿವಿಸಿ ಎಂಡ್ ಕ್ಯಾಪ್ ತೆಗೆದುಕೊಳ್ಳಿ. ನಡುವೆ ತೂತು ಹೊಡೆದು ಟ್ಯೂಬ್‌ಲೆಸ್ ಟಯರಿನ ವಾಲ್ವ್ ಕೂರಿಸಿ, ಪಂಕ್ಚರ್ ಅಂಗಡಿಯವರು ಎರಡು ನಿಮಿಷದಲ್ಲಿ ಮಾಡಿ ಕೊಡುತ್ತಾರೆ. ಮಾಸ್ ಏರ್‌ಫ್ಲೋ ಸೆನ್ಸರ್ (ಒಳಗೆ ಹೋಗುವ ಗಾಳಿ ಅಳೆಯುವುದು) ಬಿಚ್ಚಿ, ಅದರ ನಂತರದ ಹೋಸಿಗೆ ಕ್ಯಾಪ್ ಬಿಗಿದು, ನಿಧಾನಕ್ಕೆ ಗಾಳಿ ಬಿಡಿ. 10 ಪಿಎಸ್‌ಐ ಸಾಕು, ಅದಕ್ಕಿಂತ ಮೇಲೆ ಹೋಗಬೇಡಿ, ಯಾಕೆಂದರೆ ಕ್ರ್ಯಾಂಕ್‌ಕೇಸ್ (ಎಂಜಿನಿನ ಕೆಳಗಿನ, ಎಣ್ಣೆ ಇರುವ ಭಾಗ) ಉಸಿರಾಡುವ ಹೋಸೂ ಅದೇ ದಾರಿಗೆ ಸೇರುತ್ತದೆ. ಅದರ ಮೂಲಕ ಒತ್ತಡ ಒಳಗೆ ಹೋದರೆ ಆಯಿಲ್ ಸೀಲ್ ಹಾಳಾಗಬಹುದು. ಆ ಹೋಸನ್ನು ಬಿಚ್ಚಿ ಎರಡೂ ಕಡೆ ಮುಚ್ಚಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ಸೋಪಿನ ನೀರು ಸ್ಪ್ರೇ ಮಾಡಿ. ಸೈಕಲ್ ಟ್ಯೂಬಿಗೆ ನೋಡುವ ಹಾಗೇ, ಗುಳ್ಳೆ ಬಂದ ಕಡೆ ತೂತು.

ನೋಡಬೇಕಾದ ಜಾಗಗಳು: ಟರ್ಬೊ ಕೆಳಗಿನ ಹೋಸ್, ಥ್ರಾಟಲ್ ಹತ್ತಿರದ ಹೋಸ್, ಡೈವರ್ಟರ್ ವಾಲ್ವ್ (ಕಾಲು ತೆಗೆದಾಗ ಉಳಿದ ಬೂಸ್ಟನ್ನು ವಾಪಸ್ ಟರ್ಬೊ ಕಡೆ ಬಿಡುವುದು), ಮತ್ತೆ ಬೆರಳು ಗಾತ್ರದ ವ್ಯಾಕ್ಯೂಮ್ ಪೈಪ್‌ಗಳು. ಡೈವರ್ಟರ್ ವಾಲ್ವಿನ ಒಳಗಿನ ರಬ್ಬರ್ ಪೊರೆ 20 ವರ್ಷದಲ್ಲಿ ಹರಿದೇ ಇರುತ್ತದೆ. ಅದನ್ನು ತೆಗೆದು, ತುದಿ ಒತ್ತಿ ಹಿಡಿದು, ವ್ಯಾಕ್ಯೂಮ್ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಬಿಡಿ. ಪಿಸ್ಟನ್ ಅಲ್ಲೇ ನಿಂತರೆ ಸರಿ ಉಂಟು, ಸರಕ್ ಅಂತ ವಾಪಸ್ ಬಂದರೆ ಹರಿದಿದೆ.

ವಿಸಿಡಿಎಸ್ (ಈ ಗಾಡಿಗಳ ಕಂಪ್ಯೂಟರ್ ಓದುವ ಸಾಫ್ಟ್‌ವೇರ್) ಇರುವವರು ಸಿಕ್ಕಿದರೆ 115ನೇ ಬ್ಲಾಕ್ ಲಾಗ್ ಮಾಡಿ, ಅದರಲ್ಲಿ ಕೇಳಿದ ಬೂಸ್ಟ್ ಮತ್ತು ಸಿಕ್ಕಿದ ಬೂಸ್ಟ್ ಎರಡೂ ಕಾಣುತ್ತದೆ. 118ರಲ್ಲಿ ಒಳಗೆ ಹೋಗುವ ಗಾಳಿಯ ಬಿಸಿ. 020ರಲ್ಲಿ ನಾಲ್ಕೂ ಸಿಲಿಂಡರಿನಲ್ಲಿ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ಎಷ್ಟು ಡಿಗ್ರಿ ಹಿಂದಕ್ಕೆ ಎಳೆದಿದೆ ಅಂತ. ಈ ಮೂರು ನೋಡದೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ.

ಮಲ್ಪೆ ಬಂದರು:

ಸುರತ್ಕಲ್ ಅಣ್ಣ ಹೇಳಿದ್ದು ಪೂರ್ತಿ ಸರಿ. ನಾನು ಬೋಟಿನ ಎಂಜಿನ್ ಕೆಲಸ ಮಾಡುವವನು. ಅಲ್ಲೂ ಟರ್ಬೊ, ಅಲ್ಲೂ ಕೂಲರ್, ಆದರೆ ನಮಗೆ ತಣಿಸಲಿಕ್ಕೆ ಪೂರ್ತಿ ಸಮುದ್ರವೇ ಉಂಟು. ಕಾರಿಗೆ ಇರುವುದು ಬರೀ ಗಾಳಿ, ಅದೂ ನಮ್ಮೂರಿನ ಬಿಸಿ ಗಾಳಿ.

ಒಂದು ಲೆಕ್ಕ ಹೇಳುತ್ತೇನೆ. ಹೊರಗೆ 32 ಡಿಗ್ರಿ ಇರುವಾಗ 0.6 ಬಾರ್ ಬೂಸ್ಟಿಗೆ ಒತ್ತಿದರೆ, ಟರ್ಬೊದ ಕಾರ್ಯಕ್ಷಮತೆ ನೂರಕ್ಕೆ 70 ಅಂತ ಹಿಡಿದರೆ, ಗಾಳಿ ಸುಮಾರು 95 ಡಿಗ್ರಿಯಲ್ಲಿ ಹೊರಬರುತ್ತದೆ. ಬೂಸ್ಟ್ 1 ಬಾರ್‌ಗೆ ಏರಿಸಿದರೆ 125 ದಾಟುತ್ತದೆ. ಅದನ್ನು ಹಾಗೇ ಸಿಲಿಂಡರಿಗೆ ಬಿಟ್ಟರೆ ನಾಕ್ ಆಗುತ್ತದೆ (ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ತಾನಾಗಿ ಹೊತ್ತಿಕೊಳ್ಳುವುದು), ಇಸಿಯು ಟೈಮಿಂಗ್ ಹಿಂದೆ ಎಳೆಯುತ್ತದೆ. ನಿಮ್ಮ ಆಗುಂಬೆಯಲ್ಲಿ ಹಿಂದಿನಿಂದ ಯಾರೋ ಹಿಡಿದ ಹಾಗೆ ಆಗುವುದಕ್ಕೆ ಇದೂ ಒಂದು ಕಾರಣ ಇರಬಹುದು. 1975ರಲ್ಲಿ ಬಂದ ಪೋರ್ಷೆ 911 ಟರ್ಬೊಗೆ ಇಂಟರ್‌ಕೂಲರ್ ಇರಲಿಲ್ಲ, 260 ಪಿಎಸ್. 1978ರಲ್ಲಿ ಎಂಜಿನನ್ನು 3.3 ಲೀಟರಿಗೆ ಏರಿಸಿ, ಹಿಂದಿನ ರೆಕ್ಕೆಯ ಅಡಿಗೆ ಇಂಟರ್‌ಕೂಲರ್ ಇಟ್ಟು 300 ಮಾಡಿದರು. ಅವರಿಗೇ ಬೇಕಾಯಿತು, ನಮಗೆ ಬೇಡವಾ?

ಆದರೆ ಇಂಟರ್‌ಕೂಲರ್ ಕೆಲಸ ಮಾಡಬೇಕಾದರೆ ಗಾಳಿ ಅದರ ಮೂಲಕ ಹರಿಯಬೇಕು. ನಿಮ್ಮ ಗಾಡಿಯಲ್ಲಿ ಅದು ಬಲಗಡೆ ಮುಂದಿನ ಚಕ್ರದ ಎದುರು, ಬಂಪರ್ ಮೂಲೆಯಲ್ಲಿ ಅಡಗಿ ಕೂತಿದೆ. ಹೈವೇಯಲ್ಲಿ 90ರಲ್ಲಿ ಹೋಗುವಾಗ ಗಾಳಿ ತಾನಾಗಿ ನುಗ್ಗುತ್ತದೆ. ಘಾಟಿಯಲ್ಲಿ 25–30ರಲ್ಲಿ ಹತ್ತುವಾಗ ಎಂಜಿನಿಗೆ ಭಾರ ಜಾಸ್ತಿ, ಗಾಳಿ ಕಡಿಮೆ. ಅಲ್ಯೂಮಿನಿಯಂ ಮೊದಲ ಒಂದೆರಡು ತಿರುವಿನ ಬಿಸಿಯನ್ನು ಹೀರಿಕೊಳ್ಳುತ್ತದೆ, ಆಮೇಲೆ ಅದೇ ಕಾದು ಕೂತುಬಿಡುತ್ತದೆ. ಐದಾರು ತಿರುವು ಆದ ಮೇಲೆ ಸೋಲುತ್ತದೆ ಅಂದಿರಲ್ಲ, ಲಕ್ಷಣ ಸರಿಯಾಗಿ ಹೊಂದುತ್ತದೆ.

ಬಂಪರ್ ಬಿಚ್ಚಿಸಿ ಅದರ ಮುಖ ನೋಡಿ. ಮಳೆಗಾಲದ ಕೆಸರು, ಗಾಳಿಮರದ ಎಲೆ, ಉಪ್ಪು ಎಲ್ಲ ಸೇರಿ ಫಿನ್ನುಗಳ ನಡುವೆ ಗೋಡೆ ಕಟ್ಟಿದ ಹಾಗೆ ಆಗಿರುತ್ತದೆ. ಪ್ರೆಶರ್ ವಾಶರ್ ಹತ್ತಿರ ಹಿಡಿಯಬೇಡಿ, ಫಿನ್ ಮಡಚಿ ಹೋಗುತ್ತದೆ. ಸೋಪಿನ ನೀರಿನಲ್ಲಿ ನೆನೆಸಿ, ಹಿಂದಿನಿಂದ ಮುಂದಕ್ಕೆ ಸಣ್ಣ ಪೈಪಿನಲ್ಲಿ ನೀರು ಬಿಡಿ. ಒಳಗೆ ತೆಳ್ಳಗೆ ಎಣ್ಣೆ ಇದ್ದರೆ ಹೆದರಬೇಡಿ, ಇರುತ್ತದೆ. ಲೋಟದಷ್ಟು ಸುರಿದರೆ ಮಾತ್ರ ಬ್ರೀದರ್ ವಾಲ್ವ್ ಅಥವಾ ಟರ್ಬೊ ಸೀಲ್ ನೋಡಬೇಕು. ಒಳಗೆ ಸೀಮೆಎಣ್ಣೆ ಹಾಕಿ ಕುಲುಕಿ ತೆಗೆದು, ಸೋಪಿನ ನೀರಿನಲ್ಲಿ ತೊಳೆದು, ಎರಡು ದಿನ ಬಿಸಿಲಿನಲ್ಲಿ ಬೋರಲು ಹಾಕಿ. ಹಸಿ ಇರುವಾಗ ಜೋಡಿಸಲೇಬೇಡಿ.

ಕಟಪಾಡಿ ಟರ್ಬೊ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಪೂರ್ತಿ ಇದರಲ್ಲೇ ಹೋಯಿತು, ಆದರೆ ಹೋದದ್ದು ಸಾರ್ಥಕ.

ಎರಡು ಕಡೆ ಸೋರಿಕೆ ಸಿಕ್ಕಿತು. ಥ್ರಾಟಲ್ ಹತ್ತಿರದ ಹೋಸಿನ ಕ್ಲ್ಯಾಂಪ್ ಅಡಿಯಲ್ಲಿ ಸೋಪಿನ ಗುಳ್ಳೆ ಸಾಲಾಗಿ ಎದ್ದಿತು, ಬಿಗಿ ಮಾಡಿದರೆ ನಿಂತಿತು. ಇನ್ನೊಂದು ಡೈವರ್ಟರ್ ವಾಲ್ವ್. ಹೆಬ್ಬೆರಳು ಇಟ್ಟು ನೋಡಿದೆ, ಒಂದು ಕ್ಷಣವೂ ನಿಲ್ಲಲಿಲ್ಲ. ಹೊಸ ಬಾಷ್ ವಾಲ್ವ್, 710ಎನ್ ಅಂತ ಬರುತ್ತದಲ್ಲ, ಆರ್ಡರ್ ಮಾಡಿದ್ದೇನೆ. ಟರ್ಬೊ ಕೆಳಗಿನ ಹೋಸ್ ಇನ್ನೂ ಹರಿದಿಲ್ಲ, ಆದರೆ ಹಿಚುಕಿದರೆ ಬೇಯಿಸಿದ ಗೆಣಸಿನ ಹಾಗೆ ಮೆತ್ತಗೆ ಉಂಟು, ಅದನ್ನೂ ಬದಲಾಯಿಸುತ್ತೇನೆ.

ದೊಡ್ಡ ವಿಷಯ ಇರುವುದು ಬಂಪರ್ ಬಿಚ್ಚಿದಾಗ. ಬಂಪರಿನ ಜಾಲರಿಯಿಂದ ಇಂಟರ್‌ಕೂಲರಿನ ಮುಖಕ್ಕೆ ಗಾಳಿ ಕೊಂಡೊಯ್ಯುವ ಪ್ಲಾಸ್ಟಿಕ್ ಗೂಡು ಇರಬೇಕಲ್ಲ, ಅದೇ ಇಲ್ಲ! ನಾಲ್ಕು ವರ್ಷದ ಹಿಂದೆ ಒಂದು ಕಡೆ ಬಂಪರ್ ರಿಪೇರಿ ಮಾಡಿ ಪೇಂಟ್ ಹೊಡೆಸಿದ್ದೆ. ಆಗ ಬಿಚ್ಚಿದವರು ವಾಪಸ್ ಹಾಕಲೇ ಇಲ್ಲ ಅಂತ ಕಾಣುತ್ತದೆ. ಅದನ್ನು ಕೂರಿಸುವ ಎರಡು ಸ್ಕ್ರೂ ಮಾತ್ರ ಹಾಗೇ ಉಂಟು. ನಾಲ್ಕು ವರ್ಷದಿಂದ ಜಾಲರಿಯಲ್ಲಿ ಬಂದ ಗಾಳಿ ಅರ್ಧಕ್ಕರ್ಧ ಅತ್ತ ಇತ್ತ ಹೋಗುತ್ತಿತ್ತು. ತುಂಬಾ ಬೇಜಾರಾಯಿತು.

ಒಬ್ಬರು ಸ್ನೇಹಿತರ ವಿಸಿಡಿಎಸ್ ತಂದು ರಿಪೇರಿಗೆ ಮೊದಲೇ ಲಾಗ್ ಮಾಡಿದ್ದೆ. ಮೂರನೇ ಗೇರಿನಲ್ಲಿ ಕೇಳಿದ್ದು 1,620 ಮಿಲಿಬಾರ್ (ಹೊರಗಿನ ಗಾಳಿಯ ಒತ್ತಡವೂ ಸೇರಿ), ಸಿಕ್ಕಿದ್ದು 1,470. ಘಾಟಿಯ ಅರ್ಧದಲ್ಲಿ ಗಾಳಿಯ ಬಿಸಿ 71 ಡಿಗ್ರಿ. ಮೂರನೇ ಸಿಲಿಂಡರಿನಲ್ಲಿ ಟೈಮಿಂಗ್ 7 ಡಿಗ್ರಿವರೆಗೆ ಹಿಂದೆ.

ಈಗ ಪ್ರಶ್ನೆ: ಇದೆಲ್ಲ ಸರಿ ಮಾಡಿದ ಮೇಲೂ ಮುಂದೆ ರೀಮ್ಯಾಪ್‌ಗೆ ದೊಡ್ಡದು ಬೇಕಾ?

ಬೈಕಂಪಾಡಿ ಟಿಗ್:

ನಾನು ಪೈಪ್ ಫ್ಯಾಬ್ರಿಕೇಷನ್ ಮಾಡುವವನು, ಕಾರಿನ ಕೆಲಸ ಹವ್ಯಾಸಕ್ಕೆ. ಪೈಪಿನ ಬಗ್ಗೆ ಮಾತ್ರ ಹೇಳುತ್ತೇನೆ.

ನಿಮ್ಮ ಗಾಡಿಯಲ್ಲಿ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ದಾರಿಯಲ್ಲಿ ಒಂದು ಕಡೆ ಚಪ್ಪಟೆ ಪೈಪ್ ಇರುತ್ತದೆ, ದೋಸೆ ಹಾಗೆ ಅಮುಕಿದ್ದು. ಚಾಸಿಯ ಅಡಿಯಲ್ಲಿ ನುಸುಳಲಿಕ್ಕೆ ಹಾಗೆ ಮಾಡಿದ್ದಾರೆ. ಗಾಳಿ ಹೋಗುವುದಕ್ಕೆ ಅಡ್ಡಿ ಆಗುವ ಜಾಗಗಳಲ್ಲಿ ಅದೂ ಒಂದು. ರೀಮ್ಯಾಪ್ ಮಾಡುವುದಾದರೆ ಅದನ್ನು ದುಂಡಗಿನ ಪೈಪಿಗೆ ಬದಲಾಯಿಸಿದರೆ ಲಾಭ ಉಂಟು.

ಕಡಲ ಬದಿಗೆ ಎಂಎಸ್ (ಸಾದಾ ಉಕ್ಕಿನ) ಪೈಪ್ ಬೇಡವೇ ಬೇಡ. ಹೊರಗೆ ಪೌಡರ್ ಕೋಟ್ ಮಾಡಿದರೂ ಒಳಗಿನಿಂದ ತುಕ್ಕು ಎದ್ದು ಅದರ ಪುಡಿ ನೇರ ಎಂಜಿನಿಗೆ ಹೋಗುತ್ತದೆ. 304 ಸ್ಟೇನ್‌ಲೆಸ್ ಒಳ್ಳೆಯದು, ಸ್ವಲ್ಪ ಭಾರ. ಅಲ್ಯೂಮಿನಿಯಂ ಹಗುರ, ಆದರೆ ಸ್ಟೀಲ್ ಬ್ರಾಕೆಟಿಗೆ ನೇರ ತಾಗಿ ಕೂತರೆ ಉಪ್ಪು ಗಾಳಿಗೆ ಆ ಜಾಗದಲ್ಲಿ ಬಿಳಿ ಪುಡಿ ಎದ್ದು ತಿಂದು ಹಾಕುತ್ತದೆ, ನಡುವೆ ರಬ್ಬರ್ ಪಟ್ಟಿ ಇಡಬೇಕು.

ಪೈಪಿನ ತುದಿಯಲ್ಲಿ ಉಬ್ಬು ಇರಲೇಬೇಕು. ನುಣುಪು ಪೈಪಿಗೆ ಹೋಸ್ ಹಾಕಿ ಎಷ್ಟು ಬಿಗಿದರೂ ಒಂದು ದಿನ ಓವರ್‌ಟೇಕ್ ಮಾಡುವಾಗ ಪಟ್ ಅಂತ ಕಳಚುತ್ತದೆ. ಬೀಡ್ ರೋಲರ್ ಇಲ್ಲದಿದ್ದರೆ ತುದಿಯ ಸುತ್ತ ನಾಲ್ಕು ಕಡೆ ಟಿಗ್ ವೆಲ್ಡಿಂಗ್‌ನಲ್ಲಿ ಸಣ್ಣ ಉಬ್ಬು ಹಾಕಿ ಫೈಲ್ ಮಾಡಿಸಿ, ಅದೂ ಹಿಡಿಯುತ್ತದೆ. ಕ್ಲ್ಯಾಂಪ್ ಟಿ-ಬೋಲ್ಟ್ ಹಾಕಿ. ತೂತು ತೂತಿನ ಸಾದಾ ಹೋಸ್ ಕ್ಲಿಪ್ ಸಿಲಿಕೋನನ್ನು ಕೊಯ್ಯುತ್ತದೆ. ಸಿಲಿಕೋನ್ ಹೋಸ್ ತೆಗೆದುಕೊಳ್ಳುವಾಗ ಕೇಳಿ, ಒಳಗೆ ಫ್ಲೋರೋ ಪದರ ಇರುವುದು ಬೇಕು, ಇಲ್ಲದಿದ್ದರೆ ಎಣ್ಣೆ ಆವಿಗೆ ನಿಧಾನಕ್ಕೆ ಬೆವರುತ್ತದೆ. ನಮ್ಮ ಬಸ್ಸುಗಳ ಟರ್ಬೊ ಹೋಸ್ ಮಾರುವ ಅಂಗಡಿಗಳಲ್ಲೂ ಒಳ್ಳೆಯ ಮಾಲು ಸಿಗುತ್ತದೆ, ಅಳತೆ ಹೊಂದಿದರೆ ಅದೇ ಸಾಕು.

ಎಂಜಿನ್ ಮೌಂಟಿನ ಮೇಲೆ ಅಲುಗುತ್ತದೆ, ಇಂಟರ್‌ಕೂಲರ್ ಬಾಡಿಗೆ ಕಟ್ಟಿರುತ್ತದೆ. ನಡುವೆ ಎಲ್ಲಾದರೂ ಉಬ್ಬು ಉಬ್ಬಾದ ಮೆತ್ತಗಿನ ಹೋಸ್ ಒಂದು ಬಿಡಿ. ಎಲ್ಲ ಗಟ್ಟಿ ಪೈಪ್ ಮಾಡಿದರೆ ವೆಲ್ಡ್ ಬಿರಿಯುತ್ತದೆ.

ಕೊನೆಯದಾಗಿ, ಯಾರು ಕತ್ತರಿಸಿದರೂ, ಯಾರು ವೆಲ್ಡ್ ಮಾಡಿದರೂ, ಜೋಡಿಸುವ ಮೊದಲು ಪೈಪಿನ ಒಳಗೆ ನೀವೇ ಬಿಳಿ ಬಟ್ಟೆ ಎಳೆದು ನೋಡಿ. ಬಟ್ಟೆಯಲ್ಲಿ ಒಂದು ಚೂರು ಮಿಂಚಿದರೂ ಮತ್ತೆ ತೊಳೆಯಿರಿ. ಆ ಚೂರು ಸಿಲಿಂಡರಿಗೇ ಹೋಗುವುದು.

ಮಣಿಪಾಲ ಜಿಟಿ:

ಏನೇ ಹೇಳಿ, ಮುಂದೆ ದೊಡ್ಡ ಇಂಟರ್‌ಕೂಲರ್ ಹಾಕಿದರೆ ಲ್ಯಾಗ್ (ಟರ್ಬೊ ತಡವಾಗಿ ಏಳುವುದು) ಗ್ಯಾರಂಟಿ. ಅಷ್ಟು ಉದ್ದದ ಪೈಪ್ ತುಂಬಬೇಕಲ್ವಾ. ಸಿಟಿಯಲ್ಲಿ ಓಡಿಸಲಿಕ್ಕೆ ಆಗುವುದಿಲ್ಲ.

ಸುರತ್ಕಲ್ 20ವಿ:

ಮಣಿಪಾಲದವರೇ, ಈ ಮಾತು ನಾನೂ ತುಂಬಾ ಕೇಳಿದ್ದೇನೆ, ಲೆಕ್ಕ ಹಾಕಿ ನೋಡುವ. 51 ಮಿಲಿಮೀಟರ್ ಪೈಪ್ 2 ಮೀಟರ್ ಜಾಸ್ತಿ ಆದರೆ ಅದರ ಒಳಗೆ ಹಿಡಿಯುವುದು ಸುಮಾರು 4 ಲೀಟರ್. ದೊಡ್ಡ ಕೋರಿಗೆ (ಇಂಟರ್‌ಕೂಲರಿನ ಮುಖ್ಯ ಭಾಗ) ಇನ್ನೊಂದು 4 ಲೀಟರ್ ಹಿಡಿಯಿರಿ. 8 ಲೀಟರ್ ಜಾಗದಲ್ಲಿ 0.7 ಬಾರ್ ಏರಿಸಲಿಕ್ಕೆ ಬೇಕಾದ ಗಾಳಿ ಐದೂವರೆ ಲೀಟರಿನಷ್ಟು. 1.8 ಎಂಜಿನ್ 3,000 ಆರ್‌ಪಿಎಮ್‌ನಲ್ಲಿ ಬೂಸ್ಟ್ ಇಲ್ಲದೆಯೇ ಸೆಕೆಂಡಿಗೆ ಸುಮಾರು 45 ಲೀಟರ್ ಎಳೆಯುತ್ತದೆ. ಅಂದರೆ ತಡ ಆಗುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ಕಾಲಿಗೆ ಗೊತ್ತಾಗುವುದು ಕಷ್ಟ.

ಜನರಿಗೆ ಲ್ಯಾಗ್ ಅನಿಸುವುದು ಹೆಚ್ಚಾಗಿ ಬೇರೆ ಕಾರಣಕ್ಕೆ. ಅಗ್ಗದ ಕೋರಿನಲ್ಲಿ ಒತ್ತಡ ಇಳಿಯುತ್ತದೆ, ಹತ್ತು ಜಾಯಿಂಟಿನಲ್ಲಿ ಎಲ್ಲೋ ಒಂದು ಸೋರುತ್ತದೆ. ಅದಕ್ಕೇ ಎರಡೂವರೆ ಇಂಚು ಬೇಡ ಅನ್ನುವುದು. ಈ ಗಾಡಿಯ ಪುಟ್ಟ ಕೆ03 ಟರ್ಬೊಗೆ 2 ಇಂಚು ಧಾರಾಳ. ಬಂಪರ್ ಒಳಗೆ ಬಗ್ಗಿಸಿ ತರುವುದೂ ಸುಲಭ, ಕತ್ತರಿಸುವುದು ಕಡಿಮೆ. ಮುಂದಿನ ಕ್ರ್ಯಾಶ್ ಬಾರ್ ಮಾತ್ರ ಕತ್ತರಿಸಲು ಬಿಡಬೇಡಿ, ಯಾರೇ ಹೇಳಲಿ. ಪ್ಲಾಸ್ಟಿಕ್ ಕತ್ತರಿಸಲಿ, ತೊಂದರೆ ಇಲ್ಲ.

ಮೂರು ಇಂಚು ದಪ್ಪದ ಕೋರ್ ಹಾಕಿದರೆ ಹಿಂದಿನ ರೇಡಿಯೇಟರ್ ಮತ್ತು ಎಸಿ ಕಂಡೆನ್ಸರಿಗೆ ಗಾಳಿ ಸಾಲುವುದಿಲ್ಲ. ಮೇ ತಿಂಗಳಲ್ಲಿ ಪಂಪ್‌ವೆಲ್‌ನಲ್ಲಿ ಜಾಮ್ ಆಗಿ ನಿಂತಾಗ ಎಸಿ ಸೋತರೆ ಮನೆಯವರು ಗಾಡಿಗೇ ಹತ್ತುವುದಿಲ್ಲ. 2 ಇಂಚಿಗಿಂತ ತೆಳ್ಳಗಿನದು, ಅಗಲ ಜಾಸ್ತಿ ಇರುವುದು ನೋಡಿ. ಬೂಸ್ಟ್ ಸೆನ್ಸರ್ ಈಗ ಇಂಟರ್‌ಕೂಲರ್ ಹತ್ತಿರದ ಪೈಪಿನಲ್ಲಿ ಉಂಟು, ಅದನ್ನು ಹೊಸ ಪೈಪಿಗೆ ವರ್ಗಾಯಿಸಬೇಕು, ವಯರ್ ಉದ್ದ ಮಾಡಿ ಸೋಲ್ಡರ್ ಹಾಕಿಸಿ. ಡೈವರ್ಟರ್ ವಾಲ್ವನ್ನು ಶಬ್ದಕ್ಕೋಸ್ಕರ ಹೊರಗೆ ಬಿಡಿಸಬೇಡಿ. ಸೆನ್ಸರ್ ಅಳೆದ ಗಾಳಿ ಹೊರಗೆ ಹೋದರೆ ಪೆಟ್ರೋಲ್ ಲೆಕ್ಕ ತಪ್ಪುತ್ತದೆ, ಗೇರ್ ಬದಲಾಯಿಸುವಾಗಲೆಲ್ಲ ಎಂಜಿನ್ ಮುಗ್ಗರಿಸುತ್ತದೆ.

ಮಲ್ಪೆ ಬಂದರು:

ಒಂದು ಸೇರಿಸುತ್ತೇನೆ. ಈಗಿರುವ ಜಾಗದಲ್ಲೇ ಇಡುವುದಾದರೆ ಗಾಳಿ ಒಳಗೆ ಬಂದರೆ ಸಾಲದು, ಹೊರಗೂ ಹೋಗಬೇಕು. ಹಿಂದೆ ಚಕ್ರದ ಲೈನರ್ ಗೋಡೆ ಹಾಗೆ ಅಡ್ಡ ನಿಂತಿದೆ. ಇಂಟರ್‌ಕೂಲರ್ ನೇರಕ್ಕೆ ಲೈನರಿನಲ್ಲಿ ಸೀಳು ಸೀಳಾಗಿ ಕೆಳಮುಖ ತೆರೆದರೆ ಗಾಳಿ ಹೊರಡುತ್ತದೆ, ಚಕ್ರ ಎರಚುವ ನೀರೂ ನೇರ ಒಳಗೆ ಬರುವುದಿಲ್ಲ.

ಮತ್ತೆ ಗಾಡಿ 15 ವರ್ಷ ದಾಟಿದೆ, ಆರ್‌ಸಿ ಐದೈದು ವರ್ಷಕ್ಕೆ ನವೀಕರಣ ಆಗಬೇಕು, ಆರ್‌ಟಿಒ ಕಣ್ಣೆದುರು ನಿಲ್ಲಿಸಲೇಬೇಕು. ಕಂಪನಿಯ ಹಳೇ ಭಾಗ ಒಂದನ್ನೂ ಗುಜರಿಗೆ ಕೊಡಬೇಡಿ, ಒರೆಸಿ ಕಟ್ಟಿ ಅಟ್ಟದಲ್ಲಿಡಿ. ಏನು ಬದಲಾಯಿಸಿದರೂ ಇನ್ಶೂರೆನ್ಸಿನವರಿಗೆ ಬರೆದು ತಿಳಿಸಿ.

ಕಟಪಾಡಿ ಟರ್ಬೊ:

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಹೊಸ ಡೈವರ್ಟರ್ ವಾಲ್ವ್, ಎರಡು ಹೋಸ್, ಆರು ಟಿ-ಬೋಲ್ಟ್ ಕ್ಲ್ಯಾಂಪ್ ಹಾಕಿದೆ. ಇಂಟರ್‌ಕೂಲರ್ ತೊಳೆದಾಗ ಬಂದ ನೀರು ಮೊದಲ ಬಕೆಟ್ ಕೆಮ್ಮಣ್ಣಿನ ಬಣ್ಣ. ಗಾಳಿ ಗೂಡು ಎಲ್ಲೂ ಸಿಗಲಿಲ್ಲ, ಹಾಗಾಗಿ ರಟ್ಟಿನಲ್ಲಿ ಅಚ್ಚು ಕತ್ತರಿಸಿ ಅದೇ ಅಳತೆಗೆ ಅಲ್ಯೂಮಿನಿಯಂ ಶೀಟಿನಲ್ಲಿ ಮಾಡಿಸಿದೆ, ಅಂಚಿಗೆಲ್ಲ ಬಾಗಿಲಿಗೆ ಅಂಟಿಸುವ ಸ್ಪಂಜ್ ಪಟ್ಟಿ. ಲೈನರಿನಲ್ಲಿ ಐದು ಸೀಳು.

ನಿನ್ನೆ ಮಧ್ಯಾಹ್ನ ಅದೇ ನಾಲ್ಕು ಜನ, ಅದೇ ಘಾಟಿ, ಎಸಿ ಹಾಕಿಯೇ ಹತ್ತಿದೆ. ಅರ್ಧದಲ್ಲಿ ಗಾಳಿಯ ಬಿಸಿ 57 ಡಿಗ್ರಿ. ಕೇಳಿದ ಬೂಸ್ಟ್, ಸಿಕ್ಕಿದ ಬೂಸ್ಟ್ ಎರಡೂ ಒಂದರ ಮೇಲೊಂದು ಕೂತಿದೆ. ಟೈಮಿಂಗ್ ಮೂರು ಡಿಗ್ರಿಗಿಂತ ಹಿಂದೆ ಹೋಗಲಿಲ್ಲ. ಕೊನೆಯ ತಿರುವಿನಲ್ಲೂ ಎರಡನೇ ಗೇರಿನಲ್ಲಿ ಮೊದಲ ತಿರುವಿನ ಹಾಗೇ ಎಳೆಯಿತು. ಮಗಳು ಹಿಂದಿನಿಂದ "ಅಪ್ಪ, ಇವತ್ತು ಗಾಡಿಗೆ ಎಂತ ಹಾಕಿದ್ದೀರಿ" ಅಂತ ಕೇಳಿದಳು. ಕೋಡ್ ಮತ್ತೆ ಬಂದಿಲ್ಲ.

ದೊಡ್ಡ ಇಂಟರ್‌ಕೂಲರ್ ಈಗ ಬೇಡ ಅಂತ ತೀರ್ಮಾನ ಮಾಡಿದ್ದೇನೆ. ಮಳೆ ಮುಗಿದ ಮೇಲೆ ರೀಮ್ಯಾಪ್ ಮಾಡಿಸುವ ಮೊದಲು ಚಪ್ಪಟೆ ಪೈಪ್ ಬದಲಾಯಿಸುವುದು, ಮ್ಯಾಪ್ ಆದ ಮೇಲೆ ಮತ್ತೆ ಲಾಗ್ ಮಾಡಿ ಬಿಸಿ 65 ದಾಟಿದರೆ ಮಾತ್ರ ತೆಳ್ಳಗಿನ ಕೋರ್. ಬೈಕಂಪಾಡಿ ಅಣ್ಣ, ಆ ಪೈಪ್ 304ರಲ್ಲಿ ಮಾಡಿ ಕೊಡುತ್ತೀರಾ?

ಬೈಕಂಪಾಡಿ ಟಿಗ್:

ಕೊಡುವ. ಹಳೇ ಪೈಪ್ ಬಿಚ್ಚಿ ತರಬೇಡಿ, ಗಾಡಿಯನ್ನೇ ತನ್ನಿ. ಚಾಸಿಯ ಅಡಿಯಲ್ಲಿ ಎಷ್ಟು ಜಾಗ ಉಂಟು ಅಂತ ಅಳೆದೇ ಬಗ್ಗಿಸಬೇಕು. ಮತ್ತೆ ಈಗ ಹಾಕಿದ ಕ್ಲ್ಯಾಂಪ್‌ಗಳನ್ನು 500 ಕಿಲೋಮೀಟರ್ ಆದ ಮೇಲೆ ಎಂಜಿನ್ ತಣ್ಣಗಿರುವಾಗ ಒಂದು ಸಲ ಬಿಗಿ ಮಾಡಿ, ಹೊಸ ಹೋಸ್ ಒಂದು ಸಲ ಕೂತ ಮೇಲೆ ಸಡಿಲ ಆಗುತ್ತದೆ.